ತುರ್ತು ಚಿಕಿತ್ಸೆಯ ನಂತರ: ಆತ್ಮಹತ್ಯಾ ಯತ್ನ ಮರುಕಳಿಸುವ ಅಪಾಯ

ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯನ್ನು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದಾಗ ವೈದ್ಯರ ಮುಂದೆ ಎರಡು ಕೆಲಸಗಳಿರುತ್ತವೆ. ಉಸಿರಾಟ, ರಕ್ತದೊತ್ತಡ, ಪ್ರಜ್ಞೆ ಇವುಗಳನ್ನು ಕಾಪಾಡಿ ಪ್ರಾಣ ಉಳಿಸುವುದು ಮೊದಲನೆಯದು. ಆ ವ್ಯಕ್ತಿ ಮತ್ತೆ ಅದೇ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ಎರಡನೆಯದು. ಮೊದಲ ಕೆಲಸಕ್ಕೆ ಔಷಧ, ಉಪಕರಣ, ತರಬೇತಿ ಪಡೆದ ಸಿಬ್ಬಂದಿ, ಬರೆದಿಟ್ಟ ಕ್ರಮ ಎಲ್ಲವೂ ಉಂಟು. ಎರಡನೆಯದು ಅನೇಕ ಆಸ್ಪತ್ರೆಗಳಲ್ಲಿ ಯಾರೊಬ್ಬರ ಹೊಣೆಯೂ ಆಗಿರುವುದಿಲ್ಲ. ಹೀಗೆ ಯಾರಿಗೂ ಸೇರದೆ ಉಳಿದ ಎರಡನೆಯ ಕೆಲಸವೇ ಈ ಭಾಷಣದ ವಿಷಯ: ಯತ್ನ ಮರುಕಳಿಸುವ ಅಪಾಯ ಯಾರಲ್ಲಿ, ಯಾವಾಗ, ಯಾವ ಕಾರಣಗಳಿಂದ ಹೆಚ್ಚುತ್ತದೆ, ಅದನ್ನು ತಗ್ಗಿಸಲು ಏನು ಮಾಡಬಹುದು ಎಂಬುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. 2014ರಲ್ಲಿ ಆ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ ಇಂಥ ಒಂದೊಂದು ಸಾವಿನ ಹಿಂದೆ 20ಕ್ಕೂ ಹೆಚ್ಚು ಯತ್ನಗಳು ನಡೆದಿರಬಹುದು. ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ನೇ ಸಾಲಿಗೆ ದಾಖಲಿಸಿದ ಆತ್ಮಹತ್ಯೆಗಳ ಸಂಖ್ಯೆ 1,70,924. ಅವುಗಳಲ್ಲಿ 13,606 ಕರ್ನಾಟಕದವು. ಸತ್ತವರ ಲೆಕ್ಕ ಪೊಲೀಸ್ ದಾಖಲೆಯಲ್ಲಾದರೂ ಸಿಗುತ್ತದೆ. ಯತ್ನಿಸಿ ಬದುಕುಳಿದು, ಡಿಸ್ಚಾರ್ಜ್ ಚೀಟಿ ಹಿಡಿದು ಮನೆಗೆ ಮರಳಿದವರ ಕ್ರಮಬದ್ಧವಾದ ಲೆಕ್ಕವನ್ನು ದೇಶದಲ್ಲಿ ಇಡುವ ವ್ಯವಸ್ಥೆ ಬೆಳೆದಿಲ್ಲ. ಆದರೂ ಆತ್ಮಹತ್ಯೆಯನ್ನು ತಡೆಯಬೇಕೆನ್ನುವವರು ಮೊದಲು ಗಮನಿಸಬೇಕಾದ ಗುಂಪು ಇದೇ, ಏಕೆಂದರೆ ಹಿಂದೊಮ್ಮೆ ನಡೆದ ಯತ್ನ ಮುಂದಿನ ಆತ್ಮಹತ್ಯೆಯ ಪ್ರಬಲ ಸೂಚನೆಗಳಲ್ಲಿ ಒಂದು ಎಂದು ಅಧ್ಯಯನಗಳು ತೋರಿಸಿವೆ.

ಈ ಅಪಾಯದ ಪ್ರಮಾಣವನ್ನು ಅಂಕಿಗಳಲ್ಲಿ ಹೇಳುವುದು ಸಾಧ್ಯವಿದೆ. ತಮ್ಮ ದೇಹಕ್ಕೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಅಂಥವರಲ್ಲಿ ನೂರಕ್ಕೆ ಸುಮಾರು 16 ಮಂದಿ ಒಂದು ವರ್ಷದೊಳಗೆ ಮತ್ತೆ ಅದೇ ಬಗೆಯ ಹಾನಿಯೊಂದಿಗೆ ಆಸ್ಪತ್ರೆ ಸೇರುತ್ತಾರೆ, ಶೇಕಡ 1.6ರಷ್ಟು ಮಂದಿ ಅದೇ ವರ್ಷದಲ್ಲಿ, ಶೇಕಡ 3.9ರಷ್ಟು ಮಂದಿ ಐದು ವರ್ಷಗಳೊಳಗೆ ಆತ್ಮಹತ್ಯೆಯಿಂದ ಸಾಯುತ್ತಾರೆ. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಸಾಮಾನ್ಯ ಜನರಲ್ಲಿ ಕಂಡುಬರುವ ಪ್ರಮಾಣದೊಡನೆ ಹೋಲಿಸಿದರೆ ಇದು ಹತ್ತಾರು ಪಟ್ಟು ಹೆಚ್ಚಿನ ಅಪಾಯ. ಆದರೆ ಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಮಂದಿ ಬದುಕಿಗೆ ಮರಳುತ್ತಾರೆ ಎಂಬುದೂ ಇದೇ ಅಂಕಿಗಳು ಹೇಳುವ ಮಾತು. ಒಮ್ಮೆ ಸಾಯಲು ಹೊರಟವರನ್ನು ಯಾರೂ ತಡೆಯಲಾಗದು ಎಂಬ ಜನಜನಿತ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಅಪಾಯಾಂಶ ಎಂಬ ಪದದ ಅರ್ಥವನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಒಂದು ಗುಂಪಿನ ಜನರಲ್ಲಿ ಯಾವುದೋ ಲಕ್ಷಣ ಇದ್ದವರಿಗೆ ಇಲ್ಲದವರಿಗಿಂತ ಮರುಯತ್ನದ ಸಂಭವ ಹೆಚ್ಚಾಗಿ ಕಂಡುಬಂದರೆ ಆ ಲಕ್ಷಣವನ್ನು ಅಪಾಯಾಂಶವೆಂದು ಕರೆಯುತ್ತಾರೆ. ಅದು ಕಾರಣವೇ ಆಗಿರಬೇಕೆಂದಿಲ್ಲ, ಅದಿರುವ ಪ್ರತಿಯೊಬ್ಬರೂ ಮತ್ತೆ ಯತ್ನಿಸುತ್ತಾರೆಂದೂ ಅಲ್ಲ. ವಯಸ್ಸು, ಬಾಲ್ಯದ ಅನುಭವ, ಹಿಂದಿನ ಯತ್ನ ಇವು ಬದಲಾಯಿಸಲಾಗದ ಅಂಶಗಳು; ಖಿನ್ನತೆ, ಕುಡಿತ, ನಿದ್ರಾಹೀನತೆ, ಮನೆಯಲ್ಲಿನ ಹಿಂಸೆ, ಅಪಾಯಕಾರಿ ವಸ್ತುಗಳು ಕೈಗೆಟುಕುವ ಸ್ಥಿತಿ ಇವು ಚಿಕಿತ್ಸೆಯಿಂದಲೋ ನೆರವಿನಿಂದಲೋ ಬದಲಾಗಬಲ್ಲವು. ವೈದ್ಯರಿಗೂ ಮನೆಯವರಿಗೂ ಎರಡನೆಯ ಗುಂಪೇ ಹೆಚ್ಚು ಉಪಯುಕ್ತ, ಏಕೆಂದರೆ ಕೈಹಾಕಲು ಅವಕಾಶವಿರುವುದು ಅಲ್ಲಿ.

ಮರುಯತ್ನವನ್ನು ಕುರಿತ 129 ಅಧ್ಯಯನಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಅಂಶಗಳೆಂದರೆ ಹಿಂದಿನ ಯತ್ನ, ವ್ಯಕ್ತಿತ್ವ ದೋಷ, ಹತಾಶೆ, ಮಾನಸಿಕ ಚಿಕಿತ್ಸೆ ಪಡೆದ ಹಿನ್ನೆಲೆ, ಸ್ಕಿಜೋಫ್ರೀನಿಯಾ, ಮದ್ಯವ್ಯಸನ, ಮಾದಕ ವಸ್ತುಗಳ ಬಳಕೆ ಮತ್ತು ಒಬ್ಬಂಟಿ ಜೀವನ. ಹಿಂದಿನ ಯತ್ನ ಪಟ್ಟಿಯ ಮೊದಲಿಗೇ ಬರುವುದಕ್ಕೆ ಕಾರಣವಿದೆ. ಸಾವಿನ ಭಯ ಮನುಷ್ಯನಿಗೆ ಸಹಜವಾಗಿ ಇರುವ ಒಂದು ತಡೆ. ಒಮ್ಮೆ ಆ ತಡೆಯನ್ನು ದಾಟಿದವರಲ್ಲಿ ಅದು ದುರ್ಬಲವಾಗುತ್ತದೆ, ಸಂಕಟ ಮತ್ತೆ ಎದುರಾದಾಗ ಮನಸ್ಸು ಪರಿಚಿತವಾದ ಆ ದಾರಿಗೇ ಬೇಗ ಹೊರಳುತ್ತದೆ ಎಂದು ಮನೋವಿಜ್ಞಾನಿಗಳು ವಿವರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜಿ. ಗುರುರಾಜ್ ಮತ್ತು ಸಹಸಂಶೋಧಕರು ಆತ್ಮಹತ್ಯೆಯಿಂದ ಸತ್ತ 269 ಮಂದಿಯ ಜೀವನ ವಿವರಗಳನ್ನು ಅಷ್ಟೇ ಸಂಖ್ಯೆಯ ಬದುಕಿರುವವರ ವಿವರಗಳೊಡನೆ ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಎಲ್ಲಕ್ಕಿಂತ ಬಲವಾಗಿ ಕಂಡ ಸಂಬಂಧ ಹಿಂದಿನ ಯತ್ನದ್ದು. ಅದರ ಬೆನ್ನಿಗೆ ಕುಟುಂಬದೊಳಗಿನ ಮತ್ತು ದಾಂಪತ್ಯದ ಕಲಹ, ಕುಡಿತ, ಮಾನಸಿಕ ಕಾಯಿಲೆ, ಹಠಾತ್ತನೆ ಬಂದ ಆರ್ಥಿಕ ಕುಸಿತ, ಕೌಟುಂಬಿಕ ಹಿಂಸೆ ಹಾಗೂ ನಿರುದ್ಯೋಗ ಬಂದಿದ್ದವು.

ಮಾನಸಿಕ ಕಾಯಿಲೆಗಳಲ್ಲಿ ಖಿನ್ನತೆಯದೇ ದೊಡ್ಡ ಪಾಲು. ವಾರಗಟ್ಟಲೆ ಬಿಡದ ಬೇಸರ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಹಸಿವು ಕೆಡುವುದು, ತಾನು ಇತರರಿಗೆ ಹೊರೆಯಾಗಿದ್ದೇನೆ ಎಂಬ ಭಾವನೆ ಇವು ಅದರ ಲಕ್ಷಣಗಳು. ಇವುಗಳ ನಡುವೆ ಹತಾಶೆಯನ್ನು, ಎಂದರೆ ಮುಂದೆ ಏನೂ ಸರಿಹೋಗದು ಎಂಬ ಗಟ್ಟಿಯಾದ ನಂಬಿಕೆಯನ್ನು, ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1974ರಲ್ಲಿ ಹತಾಶೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಸಾಯುವ ಇಚ್ಛೆಯೊಡನೆ ಖಿನ್ನತೆಯ ತೀವ್ರತೆಗಿಂತಲೂ ಹತಾಶೆಗೆ ಹತ್ತಿರದ ನಂಟಿದೆ ಎಂಬುದು ಅವರ ಸಂಶೋಧನೆಗಳಿಂದ ಹೊರಟ ಮುಖ್ಯ ತಿಳಿವಳಿಕೆ. ಆದ್ದರಿಂದ ರೋಗಿ ಅಳುತ್ತಿಲ್ಲ, ಶಾಂತವಾಗಿ ಮಾತನಾಡುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಅಪಾಯ ಕಳೆಯಿತೆಂದು ತಿಳಿಯುವಂತಿಲ್ಲ. ಸ್ಕಿಜೋಫ್ರೀನಿಯಾ, ಅಂದರೆ ಭ್ರಮೆಗಳಿಂದಾಗಿ ವಾಸ್ತವದ ಅರಿವು ತಪ್ಪುವ ಕಾಯಿಲೆ, ಮತ್ತು ಉನ್ಮಾದ-ಖಿನ್ನತೆಗಳು ಸರದಿಯಂತೆ ಬರುವ ಕಾಯಿಲೆ ಇವುಗಳಲ್ಲಿ ಔಷಧ ತಪ್ಪಿದ ದಿನಗಳು ವಿಶೇಷವಾಗಿ ಅಪಾಯಕಾರಿ. ಬಹುಕಾಲದ ದೈಹಿಕ ಕಾಯಿಲೆ ಮತ್ತು ಮಾಸದ ನೋವು ಕೂಡ ಈ ಸಾಲಿಗೇ ಸೇರುತ್ತವೆ.

ಮದ್ಯದ ಪಾತ್ರ ಎರಡು ಬಗೆಯದು. ಅಮಲಿನ ಹೊತ್ತಿನಲ್ಲಿ ವಿವೇಚನೆ ಕುಗ್ಗಿ, ಕ್ಷಣಿಕವಾದ ಸಿಟ್ಟು ಅಥವಾ ದುಃಖ ನೇರವಾಗಿ ಕೃತ್ಯಕ್ಕೆ ತಿರುಗುತ್ತದೆ. ದೀರ್ಘಕಾಲದ ವ್ಯಸನವಾದರೆ ಖಿನ್ನತೆಯನ್ನು ಹೆಚ್ಚಿಸಿ, ಕೆಲಸ, ಹಣ, ನಂಟುಗಳನ್ನು ಒಂದೊಂದಾಗಿ ಕಳೆದು, ಆಸರೆಯಾಗಬಹುದಾಗಿದ್ದವರನ್ನು ದೂರ ಮಾಡುತ್ತದೆ. ಕುಡಿಯುವವನ ಹೆಂಡತಿಯೂ ಮಕ್ಕಳೂ ಇದೇ ಅಪಾಯದ ಪರಿಧಿಯೊಳಗೆ ಬರುತ್ತಾರೆ ಎಂಬುದನ್ನು ಮರೆಯಬಾರದು. ತುರ್ತು ವಿಭಾಗದಲ್ಲಿ ಅಮಲು ಇಳಿದ ಮೇಲೆ ರೋಗಿ ಸಾಮಾನ್ಯವಾಗಿ ನಾಚಿಕೆಯಿಂದ ಎಲ್ಲವನ್ನೂ ಅಲ್ಲಗಳೆಯುತ್ತಾರೆ. ಆ ಮಾತನ್ನೇ ನಂಬಿ ಮನೆಗೆ ಕಳುಹಿಸಿದರೆ ಕುಡಿತಕ್ಕೂ ಚಿಕಿತ್ಸೆಯಾಗುವುದಿಲ್ಲ, ಕುಡಿತ ಮುಚ್ಚಿಟ್ಟಿದ್ದ ಖಿನ್ನತೆಗೂ ಆಗುವುದಿಲ್ಲ.

ವ್ಯಕ್ತಿತ್ವ ದೋಷವೆಂಬುದು ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾದ ಅಂಶ. ಭಾವನೆಗಳು ಕ್ಷಣಕ್ಕೊಮ್ಮೆ ಏರಿಳಿಯುವುದು, ಹತ್ತಿರದವರು ಕೈಬಿಡುತ್ತಾರೆಂಬ ತೀವ್ರ ಭಯ, ಹಿಂದುಮುಂದು ನೋಡದೆ ವರ್ತಿಸುವುದು ಇವು ಅಂಥ ಒಂದು ದೋಷದ ಲಕ್ಷಣಗಳಾಗಿದ್ದು, ಅದು ಇರುವ ಅನೇಕರ ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಅಥವಾ ತೀವ್ರ ಅಲಕ್ಷ್ಯದ ಅನುಭವವಿರುತ್ತದೆ. ಇವರು ಪದೇ ಪದೇ ಆಸ್ಪತ್ರೆಗೆ ಬರುವುದರಿಂದ ಸಿಬ್ಬಂದಿಗೆ ಬೇಸರ ಹುಟ್ಟುತ್ತದೆ. ‘ಇದೆಲ್ಲ ನಾಟಕ’, ‘ಹೆದರಿಸೋಕೆ ಮಾಡಿಕೊಂಡದ್ದು’ ಎಂಬ ಮಾತು ವಾರ್ಡಿನಲ್ಲಿಯೂ ಮನೆಯಲ್ಲಿಯೂ ಕೇಳಿಬರುತ್ತದೆ. ಯತ್ನಗಳ ಸಂಖ್ಯೆ ಹೆಚ್ಚಿದಂತೆ ಸಾವಿನ ಸಂಭವವೂ ಹೆಚ್ಚುತ್ತದೆ ಎಂಬ ವಾಸ್ತವವನ್ನು ಈ ಮಾತು ಮರೆಸುತ್ತದೆ. ಅಷ್ಟೇ ಅಲ್ಲ, ಹಾಗೆ ಅವಮಾನಿತರಾದವರು ಮುಂದಿನ ಸಲ ಸಂಕಟ ಬಂದಾಗ ನೆರವು ಕೇಳಲು ಬರುವುದೇ ಇಲ್ಲ.

ದೇಹಕ್ಕಾದ ಹಾನಿಯ ಪ್ರಮಾಣದಿಂದ ಸಾಯುವ ಇಚ್ಛೆಯನ್ನು ಅಳೆಯುವುದು ಇದಕ್ಕೆ ಸಮೀಪದ ಇನ್ನೊಂದು ತಪ್ಪು. ಯಾವ ವಸ್ತು ಎಷ್ಟು ಅಪಾಯಕಾರಿ ಎಂಬುದು ಸಾಮಾನ್ಯರಿಗೆ ತಿಳಿದಿರುವುದಿಲ್ಲ. ಹೀಗಾಗಿ ಅತಿ ತೀವ್ರವಾದ ಇಚ್ಛೆಯಿದ್ದವರು ದೈವವಶಾತ್ ಹಗುರವಾದ ತೊಂದರೆಯಲ್ಲಿ ಪಾರಾಗಬಹುದು, ಅರೆಮನಸ್ಸಿನಿಂದ ದುಡುಕಿದವರು ವೆಂಟಿಲೇಟರ್ ಸೇರಬಹುದು. ಒಂಟಿಯಾಗಿರುವ ವೇಳೆಯನ್ನು ಆರಿಸಿಕೊಂಡದ್ದು, ಯಾರಿಗೂ ಪತ್ತೆಯಾಗದಂತೆ ಎಚ್ಚರ ವಹಿಸಿದ್ದು, ಆಸ್ತಿ-ಸಾಲದ ವಿಷಯಗಳನ್ನು ಮೊದಲೇ ಇತ್ಯರ್ಥ ಮಾಡಿದ್ದು, ಬದುಕುಳಿದದ್ದಕ್ಕಾಗಿ ವಿಷಾದಪಡುವುದು ಇವುಗಳೇ ಇಚ್ಛೆಯ ಗಾಂಭೀರ್ಯವನ್ನು ಹೆಚ್ಚು ಸರಿಯಾಗಿ ತಿಳಿಸುವ ಸೂಚನೆಗಳು.

ಪಾಶ್ಚಾತ್ಯ ದೇಶಗಳಲ್ಲಿ ಸಿದ್ಧವಾದ ಪಟ್ಟಿಗಳನ್ನು ಭಾರತಕ್ಕೆ ಅನ್ವಯಿಸುವಾಗ ಸ್ವಲ್ಪ ತಿದ್ದುಪಡಿ ಬೇಕಾಗುತ್ತದೆ. ಅಲ್ಲಿ ಒಬ್ಬಂಟಿ ಬದುಕು ದೊಡ್ಡ ಅಪಾಯಾಂಶ. ಇಲ್ಲಿ ಮನೆ ತುಂಬ ಜನರಿದ್ದೂ ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಯಾರೂ ಇಲ್ಲದ ಸ್ಥಿತಿ ಅಷ್ಟೇ ಅಪಾಯಕರ. 2022ರ ಅಪರಾಧ ದಾಖಲೆಗಳ ಬ್ಯೂರೋ ವರದಿಯಲ್ಲಿ ಆತ್ಮಹತ್ಯೆಗಳ ಕಾರಣವಾಗಿ ಕೌಟುಂಬಿಕ ಸಮಸ್ಯೆಗಳನ್ನು ಹೆಸರಿಸಿದ ಪ್ರಕರಣಗಳು ಶೇಕಡ 31.7, ಕಾಯಿಲೆಯನ್ನು ಹೆಸರಿಸಿದವು ಶೇಕಡ 18.4. ಪೊಲೀಸರು ಬರೆದುಕೊಳ್ಳುವ ಒಂದೇ ಕಾರಣ ಪೂರ್ಣ ಸತ್ಯವಾಗಲಾರದಾದರೂ, ಮನೆಯೇ ಸಂಕಟದ ತಾಣವಾಗಿರುವ ಸಂದರ್ಭಗಳು ಕಡಿಮೆಯಲ್ಲ ಎಂಬುದಕ್ಕೆ ಅದು ಸಾಕ್ಷಿ. ಗಂಡನ ಹೊಡೆತ, ವರದಕ್ಷಿಣೆಯ ಕಿರುಕುಳ, ಮಕ್ಕಳಾಗಲಿಲ್ಲವೆಂಬ ನಿಂದನೆ ಇವುಗಳಿಂದ ಬೇಸತ್ತು ಯತ್ನಿಸಿದ ಹೆಣ್ಣುಮಗಳನ್ನು ಮೂರನೆಯ ದಿನ ಅದೇ ಮನೆಗೆ, ಅದೇ ಜನರ ಕೈಗೆ ಒಪ್ಪಿಸಿ ಕಳುಹಿಸಿದಾಗ ಯಾವ ಅಪಾಯಾಂಶವೂ ಬದಲಾಗಿರುವುದಿಲ್ಲ. ಸಾಲದ ಹೊರೆಯಿಂದ ಯತ್ನಿಸಿದ ರೈತ ಅಥವಾ ಕೂಲಿಕಾರನ ಮನೆಯಲ್ಲಿ ತೀವ್ರ ನಿಗಾ ಘಟಕದ ಖರ್ಚು ತುಂಬಲು ಮತ್ತೊಂದು ಕೈಸಾಲ ಹುಟ್ಟಿಕೊಂಡರೆ, ಚಿಕಿತ್ಸೆಯೇ ಹೊಸ ಅಪಾಯಾಂಶವೊಂದನ್ನು ಸೇರಿಸಿದಂತಾಗುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳು, ಹೆಚ್ಚೆಂದರೆ ಮೊದಲ ಮೂರು ತಿಂಗಳು, ಅತ್ಯಂತ ಅಪಾಯದ ಅವಧಿ ಎಂದು ನಾನಾ ದೇಶಗಳ ಅಧ್ಯಯನಗಳು ತೋರಿಸಿವೆ. ಇದೇಕೆ ಹೀಗೆ ಎಂಬುದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯೊಂದರ ಕ್ಯಾಷುಯಲ್ಟಿಯಲ್ಲಿ ನಡೆಯುವ ಕ್ರಮವನ್ನು ಗಮನಿಸಿದರೆ ತಿಳಿಯುತ್ತದೆ. ರೋಗಿ ಬಂದ ಕೂಡಲೇ ವೈದ್ಯಕೀಯ-ಕಾನೂನು ಪ್ರಕರಣ, ಅಂದರೆ ಜನರ ಬಾಯಲ್ಲಿ ಎಂಎಲ್‌ಸಿ, ದಾಖಲಾಗಿ ಠಾಣೆಗೆ ಸುದ್ದಿ ಹೋಗುತ್ತದೆ; ಕೇಸು ಆದೀತೆಂಬ ಹೆದರಿಕೆಯಿಂದ ಮನೆಯವರು ‘ಗೊತ್ತಿಲ್ಲದೆ ಕುಡಿದುಬಿಟ್ಟ’, ‘ಮಾತ್ರೆ ಅದಲುಬದಲಾಯಿತು’ ಎಂದು ಹೇಳುತ್ತಾರೆ, ರೋಗಿಯೂ ಅದಕ್ಕೇ ತಲೆಯಾಡಿಸುತ್ತಾರೆ. ಊರವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆಯಿಂದ, ಪ್ರಾಣಕ್ಕೆ ಅಪಾಯವಿಲ್ಲವೆಂದು ತಿಳಿದೊಡನೆ, ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆಂದು ಸಹಿ ಹಾಕಿ ಹೊರಡುವವರೂ ಉಂಟು. ಮನೋವೈದ್ಯರನ್ನು ಕಾಣಬೇಕೆಂದು ಚೀಟಿಯಲ್ಲಿ ಬರೆದಿದ್ದರೂ ಆ ಭೇಟಿಗೆ ದಿನವನ್ನಾಗಲಿ ಕೊಠಡಿಯನ್ನಾಗಲಿ ಸೂಚಿಸಿರುವುದಿಲ್ಲ. ಬಹಳಷ್ಟು ಮಂದಿ ಆ ಬಾಗಿಲಿಗೆ ಹೋಗುವುದೇ ಇಲ್ಲ. ಹೀಗೆ ಮನೆ ಸೇರಿದವರಿಗೆ ಎರಡು ಮೂರು ದಿನ ಎಲ್ಲರ ಆರೈಕೆ ಸಿಗುತ್ತದೆ. ಆಮೇಲೆ ಹಳೆಯ ಜಗಳ, ಹಳೆಯ ಸಾಲ, ಹಳೆಯ ನಿದ್ರಾಹೀನತೆ ಇವುಗಳ ಜೊತೆಗೆ ಬಂಧುಬಳಗದ ಪ್ರಶ್ನೆಗಳೂ ಚುಚ್ಚುಮಾತುಗಳೂ ಸೇರಿಕೊಳ್ಳುತ್ತವೆ.

ಇಷ್ಟೆಲ್ಲ ಅಂಶಗಳು ತಿಳಿದಿರುವಾಗ ಅವುಗಳಿಗೆ ಅಂಕ ಕೊಟ್ಟು, ಕೂಡಿಸಿ, ಯಾರು ಮತ್ತೆ ಯತ್ನಿಸುತ್ತಾರೆಂದು ಮೊದಲೇ ಹೇಳಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಹಲವು ದಶಕಗಳಿಂದ ಅಂಥ ಮಾಪಕಗಳು ಬಳಕೆಯಲ್ಲಿದ್ದರೂ ಅವುಗಳ ಫಲ ನಿರಾಶಾದಾಯಕ. ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು, ಯಾವುದೇ ಒಂದು ಅಪಾಯಾಂಶವನ್ನು ಹಿಡಿದು ಮುಂದಿನ ಆತ್ಮಹತ್ಯಾ ವರ್ತನೆಯನ್ನು ಊಹಿಸುವುದು ಕುರುಡು ಊಹೆಗಿಂತ ಸ್ವಲ್ಪವೇ ಮೇಲು ಎಂಬ ನಿರ್ಣಯಕ್ಕೆ ಬಂತು. ಇದರ ಹಿಂದಿನ ಗಣಿತ ಸರಳ. ಅಪಾಯಾಂಶಗಳು ಬಹಳ ಜನರಲ್ಲಿವೆ, ಸಾವು ಕೆಲವರಲ್ಲಿ ಮಾತ್ರ ಸಂಭವಿಸುತ್ತದೆ. ಆದ್ದರಿಂದ ‘ಹೆಚ್ಚಿನ ಅಪಾಯ’ ಎಂಬ ಗುಂಪಿಗೆ ಸೇರಿಸಿದವರಲ್ಲಿ ಬಹುಪಾಲು ಮಂದಿ ಬದುಕಿಕೊಳ್ಳುತ್ತಾರೆ, ಇನ್ನೊಂದೆಡೆ ಸಂಖ್ಯೆಯಲ್ಲಿ ದೊಡ್ಡದಾದ ‘ಕಡಿಮೆ ಅಪಾಯ’ದ ಗುಂಪಿನಿಂದಲೂ ಸಾವುಗಳು ಬರುತ್ತಲೇ ಇರುತ್ತವೆ. ಈ ಕಾರಣದಿಂದಲೇ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, 2022ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ಮುಂದಿನ ಯತ್ನವನ್ನು ಊಹಿಸಲಾಗಲಿ, ಯಾರಿಗೆ ಚಿಕಿತ್ಸೆ ಕೊಡಬೇಕು ಯಾರನ್ನು ಮನೆಗೆ ಕಳುಹಿಸಬೇಕು ಎಂದು ತೀರ್ಮಾನಿಸಲಾಗಲಿ ಇಂಥ ಮಾಪಕಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿತು.

ಹಾಗೆಂದು ಅಪಾಯಾಂಶಗಳ ಜ್ಞಾನ ನಿರರ್ಥಕವಲ್ಲ. ಅದರ ಉಪಯೋಗ ಬೇರೆಯದು. ಆ ಪಟ್ಟಿ ಜನರನ್ನು ವಿಂಗಡಿಸುವ ಜರಡಿಯಾಗಬಾರದು, ಪ್ರತಿಯೊಬ್ಬರಿಗೂ ಯಾವ ನೆರವು ಬೇಕೆಂದು ಕೇಳಿ ತಿಳಿಯುವ ಪ್ರಶ್ನೆಗಳ ಸಾಲಾಗಬೇಕು. ನಿದ್ರೆ ಬರುತ್ತಿದೆಯೇ, ಕುಡಿತ ಎಷ್ಟಿದೆ, ಮನೆಯಲ್ಲಿ ಹೊಡೆಯುವವರಿದ್ದಾರೆಯೇ, ಸಾಲಗಾರರ ಕಾಟವಿದೆಯೇ, ಸಾಯುವ ಯೋಚನೆ ಈಗಲೂ ಬರುತ್ತಿದೆಯೇ ಎಂದು ಮನೆಯವರಿಲ್ಲದ ಕಡೆ ಕುಳಿತು ಕೇಳಿದಾಗ ದೊರೆಯುವ ಉತ್ತರಗಳಿಂದಲೇ ಚಿಕಿತ್ಸೆಯ ದಾರಿ ತೆರೆಯುತ್ತದೆ. ಸಾವಿನ ಯೋಚನೆಯನ್ನು ಕುರಿತು ನೇರವಾಗಿ ಕೇಳಿದರೆ ಅದನ್ನು ನೆನಪಿಸಿದಂತಾಗುತ್ತದೆ ಎಂಬ ಭಯ ಅನಗತ್ಯ; ಹಾಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ‘ಅಮ್ಮಾ, ಸಾಯಬೇಕು ಅಂತ ಈಗಲೂ ಅನ್ನಿಸ್ತಾ ಇದೆಯಾ?’ ಎಂದು ನರ್ಸ್ ಒಬ್ಬರು ಮೆಲುದನಿಯಲ್ಲಿ ಕೇಳಿದರೆ, ಅದುವರೆಗೆ ಬಾಯಿಬಿಡದವರೂ ಮಾತನಾಡತೊಡಗುವುದುಂಟು.

ಆಸ್ಪತ್ರೆ ಬಿಟ್ಟವರೊಡನೆ ಸಂಪರ್ಕ ಕಡಿಯದಂತೆ ನೋಡಿಕೊಂಡರೆ ಏನಾಗುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಿ ನೋಡಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮನೋವೈದ್ಯ ಜೆರೋಮ್ ಮೋಟೋ ಪ್ರಮುಖರು. ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯ ನಂತರ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಐದು ವರ್ಷಗಳ ಕಾಲ ಆಗಾಗ ಚಿಕ್ಕ ಪತ್ರಗಳನ್ನು ಬರೆಯಲಾಯಿತು. ಆ ಪತ್ರಗಳಲ್ಲಿ ಬುದ್ಧಿವಾದವಾಗಲಿ ಒತ್ತಾಯವಾಗಲಿ ಇರಲಿಲ್ಲ; ನೀವು ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬೇಕೆನಿಸಿದರೆ ಬರೆಯಿರಿ ಎಂಬಷ್ಟು ಮಾತ್ರ ಇರುತ್ತಿತ್ತು. 2001ರಲ್ಲಿ ಪ್ರಕಟವಾದ ಅಂತಿಮ ಫಲಿತಾಂಶದಂತೆ ಪತ್ರ ಪಡೆದ ಗುಂಪಿನಲ್ಲಿ ಮೊದಲ ಎರಡು ವರ್ಷ ಸಾವಿನ ಪ್ರಮಾಣ ಗಮನಾರ್ಹವಾಗಿ ಕಡಿಮೆಯಿತ್ತು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ವರ್ಷಕ್ಕೆ ಎಂಟು ಪೋಸ್ಟ್‌ಕಾರ್ಡುಗಳನ್ನು ಕಳುಹಿಸಿದ ಪ್ರಯೋಗದಲ್ಲಿ ಮರುಯತ್ನಿಸಿದವರ ಸಂಖ್ಯೆ ಹೆಚ್ಚೇನೂ ಇಳಿಯಲಿಲ್ಲ. ಆದರೆ ಮರುಯತ್ನಗಳ ಒಟ್ಟು ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ಭಾರತಕ್ಕೆ ಹೆಚ್ಚು ಹತ್ತಿರದ ಉದಾಹರಣೆ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಐದು ಊರುಗಳಲ್ಲಿ, ಅಂದರೆ ಚೆನ್ನೈ, ಕೊಲಂಬೊ, ಬ್ರೆಜಿಲ್‌ನ ಕ್ಯಾಂಪಿನಾಸ್, ಇರಾನಿನ ಕರಜ್ ಮತ್ತು ಚೀನಾದ ಯುನ್‌ಚೆಂಗ್‌ಗಳಲ್ಲಿ ನಡೆದು, 2008ರಲ್ಲಿ ಪ್ರಕಟವಾದ ಪ್ರಯೋಗ. ಯತ್ನದ ನಂತರ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯನ್ನಷ್ಟೇ ಕೊಡಲಾಯಿತು. ಇನ್ನೊಂದು ಗುಂಪಿನವರೊಡನೆ ಬಿಡುಗಡೆಯ ವೇಳೆಗೆ ಸುಮಾರು ಒಂದು ಗಂಟೆ ಕುಳಿತು, ಅವರ ಸಂಕಟ, ಅಪಾಯಾಂಶಗಳು, ನೆರವು ಸಿಗುವ ಸ್ಥಳಗಳು ಇವುಗಳನ್ನು ಕುರಿತು ಮಾತನಾಡಿ, ಮುಂದಿನ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮೂಲಕ ಅಥವಾ ಮನೆಗೆ ಹೋಗಿ ವಿಚಾರಿಸಲಾಯಿತು. ಭೇಟಿಗಳು ಮೊದಲ ವಾರಗಳಲ್ಲಿ ಹತ್ತಿರ ಹತ್ತಿರವಾಗಿ, ಆಮೇಲೆ ದೂರ ದೂರವಾಗಿ ಇದ್ದವು. ಹದಿನೆಂಟು ತಿಂಗಳ ಕೊನೆಗೆ ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು, ವಿಚಾರಿಸಿಕೊಂಡ ಗುಂಪಿನಲ್ಲಿ ಶೇಕಡ 0.2ರಷ್ಟು. ಒಟ್ಟಾರೆ ಮರುಯತ್ನಗಳ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಅಂತರ ಕಾಣಲಿಲ್ಲವೆಂಬುದನ್ನೂ, ಇದೇ ಬಗೆಯ ಮುಂದಿನ ಪ್ರಯೋಗಗಳೆಲ್ಲ ಇಷ್ಟು ಸ್ಪಷ್ಟ ಫಲ ಕೊಡಲಿಲ್ಲವೆಂಬುದನ್ನೂ ಹೇಳಲೇಬೇಕು. ಆದರೂ ದುಬಾರಿ ಔಷಧವಿಲ್ಲದೆ, ತರಬೇತಿ ಪಡೆದ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಮಾಡಬಹುದಾದ ಕೆಲಸವೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಸಾಧ್ಯ ಎಂಬುದು ಅಲ್ಲಿ ಸಿದ್ಧವಾಯಿತು.

ಇದಕ್ಕೆ ಪೂರಕವಾದ ಇನ್ನೊಂದು ಕ್ರಮ ಸುರಕ್ಷತಾ ಯೋಜನೆ. ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಈ ಕ್ರಮದಲ್ಲಿ ರೋಗಿ ಮತ್ತು ಚಿಕಿತ್ಸಕರು ಕೂಡಿ ಕುಳಿತು, ರೋಗಿಯ ಮಾತಿನಲ್ಲಿಯೇ, ಒಂದು ಹಾಳೆಯಲ್ಲಿ ಆರು ವಿಷಯಗಳನ್ನು ಬರೆಯುತ್ತಾರೆ: ಸಂಕಟ ಏರುತ್ತಿದೆ ಎಂಬುದರ ಮುನ್ಸೂಚನೆಗಳು, ಒಬ್ಬರೇ ಇದ್ದಾಗ ಮನಸ್ಸನ್ನು ಬೇರೆಡೆಗೆ ತಿರುಗಿಸುವ ಉಪಾಯಗಳು, ಹೋಗಿ ಕುಳಿತರೆ ಮನಸ್ಸು ಹಗುರವಾಗುವ ಜಾಗಗಳು ಮತ್ತು ಜನರು, ಬಾಯಿಬಿಟ್ಟು ನೆರವು ಕೇಳಬಹುದಾದ ನೆಂಟರು ಮತ್ತು ಗೆಳೆಯರು, ವೈದ್ಯರ ಮತ್ತು ಸಹಾಯವಾಣಿಯ ಫೋನ್ ಸಂಖ್ಯೆಗಳು, ಅಪಾಯಕಾರಿ ವಸ್ತುಗಳನ್ನು ಮನೆಯಿಂದ ದೂರವಿಡುವ ಬಗೆ. ‘ಸಂಜೆ ಹೊತ್ತಿಗೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತೆ’ ಎಂಬುದು ಒಬ್ಬರ ಮುನ್ಸೂಚನೆಯಾದರೆ ಅದನ್ನು ಹಾಗೆಯೇ ಬರೆಯಬೇಕು. ‘ಅತ್ತಿಗೆಗೆ ಫೋನ್ ಮಾಡುವುದು’ ಎಂಬುದು ಉಪಾಯವಾದರೆ ಅತ್ತಿಗೆಯ ಸಂಖ್ಯೆ ಅಲ್ಲಿಯೇ ಇರಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಯೋಜನೆಯನ್ನೂ ಬಿಡುಗಡೆಯ ನಂತರದ ಫೋನ್ ಕರೆಗಳನ್ನೂ ಒಟ್ಟಿಗೆ ಬಳಸಿದಾಗ, ಆರು ತಿಂಗಳ ಅವಧಿಯಲ್ಲಿ ಆತ್ಮಹತ್ಯಾ ವರ್ತನೆ ತೋರಿದವರ ಪ್ರಮಾಣ ಶೇಕಡ 5.29ರ ಬದಲು ಶೇಕಡ 3.03 ಆಗಿತ್ತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ.

ಅಪಾಯಕಾರಿ ವಸ್ತುಗಳನ್ನು ದೂರವಿಡುವ ಮಾತು ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಸಾಯುವ ತೀವ್ರ ಒತ್ತಡ ಬಹಳ ಮಂದಿಯಲ್ಲಿ ಸ್ವಲ್ಪ ಹೊತ್ತು ಮಾತ್ರ ಉಳಿದು ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುವ ಸಂಭವ ಹೆಚ್ಚು. ಶ್ರೀಲಂಕಾ ಅತಿ ವಿಷಕಾರಿಯಾದ ಕೀಟನಾಶಕಗಳನ್ನು 1990ರ ದಶಕದಲ್ಲಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ 1995ರಿಂದ 2005ರೊಳಗೆ ಅರ್ಧಕ್ಕೆ ಇಳಿಯಿತು. ಒಂದು ಮನೆಯ ಮಟ್ಟಿಗೆ ಇದರ ಅರ್ಥವೇನೆಂದರೆ, ರೋಗಿ ಆಸ್ಪತ್ರೆಯಿಂದ ಮರಳುವ ಮೊದಲೇ ಹೊಲದ ಔಷಧ, ಉಳಿದ ಮಾತ್ರೆಗಳು ಮುಂತಾದುವನ್ನು ಬೇರೆಯವರ ವಶಕ್ಕೆ ಕೊಡಬೇಕು, ರೋಗಿಗೆ ಬರೆದುಕೊಟ್ಟ ಮಾತ್ರೆಗಳನ್ನು ಮನೆಯವರೊಬ್ಬರು ಇಟ್ಟುಕೊಂಡು ಹೊತ್ತು ಹೊತ್ತಿಗೆ ಕೊಡಬೇಕು. ವೈದ್ಯರೂ ತಿಂಗಳ ಮಾತ್ರೆಗಳನ್ನು ಒಮ್ಮೆಲೇ ಬರೆಯದೆ ವಾರಕ್ಕೆ ಸಾಕಾಗುವಷ್ಟನ್ನೇ ಬರೆಯಬೇಕು.

ಭಾರತದ ಕಾನೂನು ಮರುಯತ್ನ ತಡೆಯುವ ಈ ಎರಡನೆಯ ಕೆಲಸವನ್ನು ಈಗ ಸರ್ಕಾರದ ಕರ್ತವ್ಯವನ್ನಾಗಿ ಮಾಡಿದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸಬಾರದು ಎಂದು ಹೇಳುತ್ತದೆ. ಅಲ್ಲಿಗೇ ನಿಲ್ಲದೆ, ಯತ್ನ ಮರುಕಳಿಸುವ ಅಪಾಯವನ್ನು ತಗ್ಗಿಸಲು ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ವಿಧಿಸುತ್ತದೆ. ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಕೈಬಿಟ್ಟುಹೋಯಿತು; ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ತರಲು ಅಥವಾ ತಡೆಯೊಡ್ಡಲು ಮಾಡುವ ಯತ್ನ ಮಾತ್ರ ಹೊಸ ಸಂಹಿತೆಯಲ್ಲಿ ಅಪರಾಧವಾಗಿ ಉಳಿದಿದೆ. ಹೀಗಿದ್ದೂ ಕೇಸಿನ ಭಯ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಆ ಭಯದಿಂದ ನಿಜಸಂಗತಿಯನ್ನು ಮುಚ್ಚಿಡುವ ಮನೆಯವರಿಗೆ ಕಾನೂನು ಬದಲಾಗಿದೆ ಎಂಬ ಒಂದು ಮಾತನ್ನು ಕ್ಯಾಷುಯಲ್ಟಿಯಲ್ಲಿಯೇ ತಿಳಿಸುವುದು ಚಿಕಿತ್ಸೆಯ ಭಾಗವಾಗಬೇಕು.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಂಡೊಯ್ಯಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಎಂಬ ದೂರವಾಣಿ ಮಾನಸಿಕ ನೆರವಿನ ಸೇವೆಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯಾ ತಡೆ ಕಾರ್ಯತಂತ್ರ, 2030ರೊಳಗೆ ಆತ್ಮಹತ್ಯೆಯ ಸಾವುಗಳನ್ನು ಶೇಕಡ 10ರಷ್ಟು ಇಳಿಸುವ ಗುರಿಯನ್ನು ಇಟ್ಟುಕೊಂಡಿದೆ. ಆ ಗುರಿಯನ್ನು ತಲುಪಲು ಹೊಸ ಕಟ್ಟಡಗಳಿಗಿಂತ ಮುಂಚೆ ಬೇಕಾದದ್ದು, ತುರ್ತು ವಿಭಾಗಕ್ಕೂ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೂ ನಡುವೆ ಒಂದು ಖಚಿತವಾದ ಕೊಂಡಿ: ಬಿಡುಗಡೆಗೆ ಮೊದಲು ಒಂದು ಗಂಟೆಯ ಮಾತುಕತೆ, ದಿನಾಂಕ ಮತ್ತು ಕೊಠಡಿ ನಮೂದಿಸಿದ ಮುಂದಿನ ಭೇಟಿ, ಮೊದಲ ವಾರದಲ್ಲಿಯೇ ಒಂದು ಫೋನ್ ಕರೆ, ಆಮೇಲೆ ವರ್ಷದವರೆಗೆ ಅಂತರ ಹೆಚ್ಚಿಸುತ್ತ ಹೋಗುವ ವಿಚಾರಣೆ, ಮತ್ತು ಇದೆಲ್ಲ ಇಂಥವರ ಹೊಣೆ ಎಂದು ಹೆಸರಿಸಿದ ಒಬ್ಬ ಸಿಬ್ಬಂದಿ.

ಮನೆಯವರ ಪಾಲಿನ ಕೆಲಸವೂ ಇದಕ್ಕಿಂತ ಭಿನ್ನವಲ್ಲ. ‘ನಮ್ಮ ಮಾನ ಕಳೆದೆ’ ಎಂದು ದೂಷಿಸದೆ, ‘ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಆಣೆ ಮಾಡು’ ಎಂದು ಒತ್ತಾಯಿಸದೆ, ಕೇಳುವ ಕಿವಿಯಾಗಿದ್ದು, ಮೊದಲ ಮೂರು ತಿಂಗಳು ಒಂಟಿಯಾಗಿ ಬಿಡದೆ, ನಿಗದಿಯಾದ ದಿನ ಜೊತೆಗೆ ಆಸ್ಪತ್ರೆಗೆ ಹೋಗುವುದು, ಗುಣವಾದಂತೆ ಕಂಡ ಕೂಡಲೇ ಔಷಧ ನಿಲ್ಲಿಸದಿರುವುದು, ಸಾಯುವ ಮಾತು ಮತ್ತೆ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಆ ದಿನವೇ ವೈದ್ಯರಿಗೆ ತಿಳಿಸುವುದು ಇವಿಷ್ಟೂ ಯಾವ ಮನೆಯಲ್ಲಿಯೂ ಸಾಧ್ಯವಾಗುವ ಕ್ರಮಗಳು. ಅಂಥ ಯೋಚನೆಗಳಿಂದ ಬಳಲುತ್ತಿರುವವರೂ, ಅವರ ಬಗ್ಗೆ ಕಳವಳವಿರುವ ಮನೆಯವರೂ ಗೆಳೆಯರೂ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣಾಪಾಯದ ಸಂದರ್ಭದಲ್ಲಿ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಮತ್ತೆ ಯತ್ನಿಸುವವರು ಯಾರೆಂದು ಖಚಿತವಾಗಿ ಹೇಳುವ ವಿದ್ಯೆ ವೈದ್ಯಶಾಸ್ತ್ರಕ್ಕೆ ಇನ್ನೂ ಸಿದ್ಧಿಸಿಲ್ಲವಾದ್ದರಿಂದಲೇ, ಯತ್ನಿಸಿ ಬದುಕುಳಿದ ಪ್ರತಿಯೊಬ್ಬರನ್ನೂ ವಿಚಾರಿಸಿಕೊಳ್ಳುವುದು ಆಸ್ಪತ್ರೆಯ ದೈನಂದಿನ ಕೆಲಸವಾಗಬೇಕಾಗಿದೆ.